ಧ್ಯಾನ ಕಲಿತರೆ ಮಾತ್ರೆ ಬಿಡಬಹುದಾ?

ನನ್ನ ಹತ್ತಿರ ಸಲಹೆ ಕೇಳಿ ಬಂದ ಇವರನ್ನು ಮಹೇಶ್ ಅನ್ನೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ರಾಜಾಜಿನಗರದ ಕಡೆ ಮನೆ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ವಯಸ್ಸು ನಲವತ್ತು ದಾಟಿದೆ. ಖಿನ್ನತೆ ಮೂರು ಸಲ ಬಂದು ಹೋಗಿದೆ. ಈಗ ವರ್ಷದಿಂದ ಚೆನ್ನಾಗಿದ್ದಾರೆ, ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ ನಡೆಯುತ್ತಿದೆ. ಅವರ ಪ್ರಶ್ನೆ ಇಷ್ಟೇ: “ಮೇಡಂ, ಮೊಬೈಲಲ್ಲಿ ಧ್ಯಾನದ ಆ್ಯಪ್ ಹಾಕ್ಕೊಂಡಿದೀನಿ. ಇನ್ನು ಮಾತ್ರೆ ಬಿಡಬಹುದಲ್ವಾ?”

ಕೇಳುವ ಹೊತ್ತಿಗೆ ಅರ್ಧ ಬಿಟ್ಟೂ ಆಗಿತ್ತು. ಎರಡು ದಿನ ನುಂಗಿದರೆ ಮೂರು ದಿನ ಇಲ್ಲ. ತಲೆಸುತ್ತು, ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ, ಮಕ್ಕಳ ಮೇಲೆ ಸಿಡುಕು. ಕಾಯಿಲೆ ವಾಪಸ್ ಬಂತು ಅಂತ ಹೆದರಿದ್ದರು. ಮಾತ್ರೆ ಹೀಗೆ ಇದ್ದಕ್ಕಿದ್ದಂತೆ ತಪ್ಪಿಸಿದರೂ ಇದೆಲ್ಲ ಆಗುತ್ತದೆ. ಯಾವುದು ಏನು ಅಂತ ನೋಡಬೇಕಾದವರು ಡಾಕ್ಟರು. ಮಾತ್ರೆ ಬರೆಯುವುದಾಗಲಿ ನಿಲ್ಲಿಸುವುದಾಗಲಿ ನನ್ನ ಕೆಲಸ ಅಲ್ಲ. ಅಲ್ಲೇ ಕೂರಿಸಿ ಅವರ ಮನೋವೈದ್ಯರಿಗೆ ಫೋನ್ ಮಾಡಿಸಿದೆ.

ಮಾತ್ರೆ ಯಾಕೆ ಬೇಡ? ಹೆಂಡತಿ ಪಕ್ಕದಲ್ಲಿದ್ದಾಗ “ಎಷ್ಟು ವರ್ಷ ಅಂತ ತಗೊಳ್ಳೋದು” ಅಂದರು. ಹೆಂಡತಿ ಹೊರಗೆ ಹೋದ ಮೇಲೆ ನಿಜವಾದ ಕಾರಣ ಬಂತು. ಮಾತ್ರೆ ಶುರುವಾದ ಮೇಲೆ ಗಂಡ-ಹೆಂಡತಿ ಸಂಬಂಧದಲ್ಲಿ ಆಸಕ್ತಿಯೇ ಹೋಗಿದೆ. ಡಾಕ್ಟರಿಗೆ ಇದನ್ನು ಹೇಳಿಯೇ ಇಲ್ಲ! ಶುಗರು, ಬಿಪಿ ಬಗ್ಗೆ ಬಸ್ಸಲ್ಲಿ ಪಕ್ಕ ಕೂತವರಿಗೂ ಹೇಳುವ ಗಂಡಸರು ಇದೊಂದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಈ ಗುಂಪಿನ ಮಾತ್ರೆಗಳಲ್ಲಿ ಇದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಡೋಸ್ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ಚೀಟಿಯಲ್ಲಿ ಬರೆದಾದರೂ ಕೊಡಿ ಅಂದೆ.

ಇನ್ನು ಧ್ಯಾನದ ಮಾತು. ಅವರು ಸುಮ್ನೆ ಕೇಳಿದ್ದಲ್ಲ, ಅದಕ್ಕೆ ಆಧಾರ ಇದೆ. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಕಂಡ 424 ಜನ. ಅರ್ಧ ಜನ ಮಾತ್ರೆ ಮುಂದುವರಿಸಿದರು. ಉಳಿದವರು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಮನಸ್ಸಲ್ಲಿ ಏನು ನಡೆಯುತ್ತಿದೆ ಅಂತ ಗಮನಿಸುವ ಧ್ಯಾನ, ಅದರ ಆಧಾರದ ಚಿಕಿತ್ಸೆಯ 8 ವಾರದ ತರಬೇತಿ ಪಡೆದರು. ಎರಡು ವರ್ಷದಲ್ಲಿ ಖಿನ್ನತೆ ಮರಳಿದ್ದು ಮಾತ್ರೆಯವರಲ್ಲಿ ಶೇ. 47, ತರಬೇತಿಯವರಲ್ಲಿ ಶೇ. 44. ಅಂದರೆ ಹೆಚ್ಚುಕಡಿಮೆ ಒಂದೇ. ಎರಡರಲ್ಲಿ ಯಾವುದೂ ಪೂರ್ತಿ ಭದ್ರತೆ ಕೊಡಲಿಲ್ಲ ಅನ್ನುವುದನ್ನೂ ಗಮನಿಸಿ.

ಆದರೆ ಆ ತರಬೇತಿಯವರು ಮಾತ್ರೆಯನ್ನು ತಾವಾಗಿ ಬಿಸಾಡಿದವರಲ್ಲ. ವೈದ್ಯರ ನಿಗಾದಲ್ಲಿ ಮೆಲ್ಲಗೆ ಇಳಿಸಿದವರು. 2021ರಲ್ಲಿ ಬಂದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ, ಬಹುಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದವರಿಗೆ ಹಂತಹಂತವಾಗಿ ಅದನ್ನು ನಿಲ್ಲಿಸಿ ನೋಡಿದರು. ಒಂದು ವರ್ಷದೊಳಗೆ ಶೇ. 56 ಜನರಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ಶೇ. 39. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ ಮಹೇಶ್ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಆ್ಯಪ್ ಸಾಲದಾ ಹಾಗಾದ್ರೆ?” ನನ್ನ ಪ್ರಕಾರ ಸಾಲದು. ತರಬೇತಿ ಅಂದರೆ ವಾರಕ್ಕೊಮ್ಮೆ ಸುಮಾರು ಎರಡು ಗಂಟೆ, ಗುಂಪಿನಲ್ಲಿ, ಕಲಿತವರ ಎದುರು. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಅಭ್ಯಾಸ. ಮನಸ್ಸನ್ನು ಖಾಲಿ ಮಾಡುವುದು ಅಲ್ಲಿಯ ಗುರಿ ಅಲ್ಲ. ಖಿನ್ನತೆ ಮರಳುವ ಮುಂಚೆ “ನಾನು ಯಾತಕ್ಕೂ ಲಾಯಕ್ಕಿಲ್ಲ” ಅನ್ನುವಂಥ ಯೋಚನೆ ಹಳೇ ದಾರಿ ಹಿಡಿಯುತ್ತದೆ. ಅದನ್ನು ಆರಂಭದಲ್ಲೇ ಗುರುತಿಸಿ, ಇದು ಬರೀ ಯೋಚನೆ, ನಿಜಾಂಶ ಅಲ್ಲ ಅಂತ ಬಿಡುವುದನ್ನು ಕಲಿಯಬೇಕು.

ಫೆಬ್ರವರಿ ಕೊನೆ ಅದು. ಮಾರ್ಚ್ ಕ್ಲೋಸಿಂಗ್ ಎದುರಿಗೇ ಇತ್ತು. ಕೊನೆಯ ಎರಡು ಸಲವೂ ಅವರು ಕುಸಿದಿದ್ದು ಅದೇ ಸಮಯಕ್ಕೆ. ಈಗ ಮಾತ್ರೆ ಇಳಿಸುವ ಮಾತೇ ಬೇಡ, ತರಬೇತಿ ಮೊದಲು ಮುಗಿಯಲಿ, ಆಮೇಲೆ ಡಾಕ್ಟರ ಜೊತೆ ಕೂತು ನಿರ್ಧರಿಸಿ ಅಂದೆ. ಡಾಕ್ಟರು ಸದ್ಯಕ್ಕೆ ಬೇರೆ ಮಾತ್ರೆಗೆ ಬದಲಿಸಿದ್ದಾರೆ. ಚೀಟಿ ಕೆಲಸ ಮಾಡಿತು ಅನ್ನಿ.

ಹೆಂಡತಿಯನ್ನೂ ಕೂರಿಸಿಕೊಂಡು ಮುನ್ಸೂಚನೆಗಳನ್ನು ಬರೆಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಅಕ್ಕನ ಫೋನ್ ಎತ್ತದಿರುವುದು, ಶೇವ್ ಮಾಡದೆ ಆಫೀಸಿಗೆ ಹೊರಡುವುದು. ಇದರಲ್ಲಿ ಯಾವುದಾದರೂ ಎರಡು, ಒಂದು ವಾರ ಇದ್ದರೆ ಹೆಂಡತಿಯೇ ಡಾಕ್ಟರಿಗೆ ಫೋನ್ ಮಾಡಬೇಕು, ಗಂಡನನ್ನು ಕೇಳುತ್ತಾ ಕೂರಬಾರದು ಅಂತ ಮೂವರೂ ಒಪ್ಪಿದೆವು. ಸಾಯುವ ಯೋಚನೆ ಬಂದರೆ ಅಷ್ಟೂ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.