ಫ್ರೆಂಚರು ಬರಲೇ ಇಲ್ಲ, ನೀವೂ ಕರೆಸಬೇಡಿ

ನಮಸ್ಕಾರ.

ನಿಮ್ಮ ಕಥೆ 'ಕೊನೆಯ ಗುಂಡು' ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂದು ಸಾಲಿನಲ್ಲಿ 'ವಿಷಾದಿಸುತ್ತೇವೆ' ಅಂತ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ನಿಮ್ಮ ಒಪ್ಪಿಗೆ ಇರುವುದರಿಂದ ಹೆಸರು ಬಿಟ್ಟು ಈ ಅಂಕಣದಲ್ಲೇ ಉತ್ತರ ಕೊಡುತ್ತಿದ್ದೇನೆ. ಬೇರೆಯವರಿಗೂ ಉಪಯೋಗವಾದೀತು.

ಕಥೆ ಓದದವರಿಗಾಗಿ ಎರಡು ಮಾತು. ಇಂಗ್ಲೆಂಡಿನ ಟೈನ್‌ಮತ್ ಎಂಬ ಬಂದರು ಊರು. ಅಲ್ಲಿ ಟಾಮ್ ಅನ್ನುವ ಹಡಗಿನ ಬಡಗಿ. 1859ರಲ್ಲಿ ಊರಿನ ಸ್ವಯಂಸೇವಕ ಫಿರಂಗಿ ದಳ ಸೇರುತ್ತಾನೆ. ಹಗಲು ಕೆಲಸ, ಸಂಜೆ ಡ್ರಿಲ್. 1865ರಲ್ಲಿ ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಶೂಬರಿನೆಸ್‌ನಲ್ಲಿ ನಡೆಯುವ ಸ್ಪರ್ಧೆಗೆ ಹೋಗುತ್ತಾನೆ. ಒಂದು ರಾತ್ರಿ ಮಂಜಿನಲ್ಲಿ ಫ್ರೆಂಚ್ ಯುದ್ಧನೌಕೆಗಳು ಬರುತ್ತವೆ. ಎಲ್ಲರೂ ಡೇರೆಯಲ್ಲಿ ಮಲಗಿರುವಾಗ ಟಾಮ್ ಒಬ್ಬನೇ ಫಿರಂಗಿ ತುಂಬಿ, ಪಂಜು ಹಿಡಿದು, ಹಾರಿಸಿ ಲಂಡನ್ ಉಳಿಸುತ್ತಾನೆ. ರಾಣಿ ಪದಕ ಕೊಡುತ್ತಾಳೆ. ಕೊನೆಯ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ಟಿಪ್ಪು ಸುಲ್ತಾನನ ರಾಕೆಟ್ ಹಾರುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ಫ್ರೆಂಚರು ಬರಲೇ ಇಲ್ಲ. ಅವರು ಬರಲಿಲ್ಲ ಅನ್ನುವುದೇ ನಿಮ್ಮ ಕಥೆ.

ಭಯ ನಿಜವೇ ಆಗಿತ್ತು. ಅದನ್ನು ನೀವು ಚೆನ್ನಾಗಿ ಓದಿಕೊಂಡಿದ್ದೀರಿ. 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಓರ್ಸಿನಿ ಎಂಬ ಇಟಲಿಯವನು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಮೇಲೆ ಬಾಂಬ್ ಎಸೆದ. ಬಾಂಬ್ ತಯಾರಾಗಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಂತ ಗೊತ್ತಾದಾಗ ಫ್ರೆಂಚ್ ಸೇನಾಧಿಕಾರಿಗಳು ಕೆರಳಿದರು. ಅತ್ತ ಫ್ರಾನ್ಸ್ ಕಬ್ಬಿಣದ ಕವಚದ 'ಲಾ ಗ್ಲೂಆರ್' ಹಡಗು ಕಟ್ಟುತ್ತಿತ್ತು. ಇತ್ತ ಬ್ರಿಟನ್ನಿನ ಕರಾವಳಿ ಕೋಟೆಗಳಲ್ಲಿ ಫಿರಂಗಿ ಇತ್ತು, ಹಾರಿಸುವ ಜನ ಸಾಲದು. 1859ರ ಮೇ 12ರಂದು ಯುದ್ಧ ಇಲಾಖೆ ಸುತ್ತೋಲೆ ಹೊರಡಿಸಿ, ಊರೂರಲ್ಲಿ ಬಂದೂಕಿನ ದಳ, ಕರಾವಳಿ ಊರುಗಳಲ್ಲಿ ಫಿರಂಗಿ ದಳ ಕಟ್ಟಲು ಒಪ್ಪಿಗೆ ಕೊಟ್ಟಿತು. ಫಿರಂಗಿ ದಳಗಳ ಪೈಕಿ ಮೊದಲ ಸ್ಥಾನ ಸಿಕ್ಕಿದ್ದು ಟೈನ್‌ಮತ್‌ಗೆ. ಊರನ್ನು ಸರಿಯಾಗಿಯೇ ಆರಿಸಿಕೊಂಡಿದ್ದೀರಿ.

ಆಮೇಲೆ ಏನಾಯಿತು? 1908ರಲ್ಲಿ ಈ ದಳಗಳನ್ನೆಲ್ಲ ಟೆರಿಟೋರಿಯಲ್ ಫೋರ್ಸ್ ಎಂಬ ಹೊಸ ಅರೆಕಾಲಿಕ ಸೇನೆಯಲ್ಲಿ ಸೇರಿಸುವವರೆಗೆ, ಸುಮಾರು ಐವತ್ತು ವರ್ಷ, ಶತ್ರುವಿನ ಒಂದು ಹಡಗೂ ಆ ಫಿರಂಗಿಗಳ ಮುಂದೆ ಬರಲಿಲ್ಲ. ಅಪ್ಪ ಡ್ರಿಲ್ ಮಾಡಿದ, ಮಗ ಡ್ರಿಲ್ ಮಾಡಿದ, ಕೆಲವು ಮನೆಗಳಲ್ಲಿ ಮೊಮ್ಮಗನೂ ಮಾಡಿರಬೇಕು. ಬಾರದವನಿಗಾಗಿ ಕಾಯುತ್ತಾ, ಕಾಯುವುದನ್ನೇ ಒಂದು ಆಟ ಮಾಡಿಕೊಂಡು, ಆ ಆಟದಲ್ಲಿ ಬೆವರು ಸುರಿಸಿದ ಜನ ಇವರು. ಇಂಥ ವಸ್ತು ಕೈಯಲ್ಲಿದ್ದಾಗ ಮಂಜಿನಲ್ಲಿ ಸುಳ್ಳು ಹಡಗು ಯಾಕೆ ಬೇಕು?

ಯುದ್ಧ ಬೇಕೇ ಬೇಕು ಅಂದರೆ ಕಥೆಯನ್ನು 1900ಕ್ಕೆ ತನ್ನಿ. ಲೇಡಿ ಮ್ಯೂ ಎಂಬ ಶ್ರೀಮಂತೆ ತನ್ನ ಸ್ವಂತ ದುಡ್ಡಿನಲ್ಲಿ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಿಂದ ಆರು ಫಿರಂಗಿ ಮಾಡಿಸಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಕಳಿಸಿದಳು. ಅವುಗಳ ಜೊತೆ ಹೋದ ಎಲ್ಸ್‌ವಿಕ್ ಬ್ಯಾಟರಿಯಲ್ಲಿ ಟೈನ್ ನದಿ ದಂಡೆಯ ಸ್ವಯಂಸೇವಕರಿದ್ದರು. ಅಲ್ಲಿನ ಲೇಡಿಸ್ಮಿತ್ ಊರಿನ ಮುತ್ತಿಗೆಯಲ್ಲಿ ನೌಕಾಪಡೆಯ ಫಿರಂಗಿಗಳೊಂದಿಗೆ ನಿಂತ ಲ್ಯಾಂಬ್ಟನ್ ಎಂಬ ಅಧಿಕಾರಿಯ ಕೆಲಸ ಕಂಡು ಆಕೆಗೆ ಈ ಹುಮ್ಮಸ್ಸು ಬಂದದ್ದು. ಕೊನೆಗೆ ಆಸ್ತಿಯನ್ನೇ ಅವನಿಗೆ ಬರೆದಳು, ತನ್ನ ಮನೆತನದ ಹೆಸರು ಇಟ್ಟುಕೊಳ್ಳಬೇಕು ಎಂಬ ಷರತ್ತಿನ ಮೇಲೆ. ಅವನು ಇಟ್ಟುಕೊಂಡ! ಇದು ನಿಮ್ಮ ಟಾಮ್‌ನ ಕಥೆಯಲ್ಲ, ಇನ್ನೊಂದು ಕಾದಂಬರಿಗೆ ಆಗುವ ಸರಕು. ಬದಿಗಿಡಿ.

ಎರಡನೆಯ ತಕರಾರು ದೊಡ್ಡದು. ಟಾಮ್ ಒಬ್ಬನೇ ಫಿರಂಗಿ ತುಂಬಿ ಹಾರಿಸುತ್ತಾನೆ ಅಂತ ಬರೆದಿದ್ದೀರಿ. ಸಾಧ್ಯವೇ ಇಲ್ಲ. ಸಾಧ್ಯವಾಗದಿರುವುದೇ ಈ ವಿಷಯದ ಜೀವಾಳ.

ಬಂದೂಕಿನವರ ಸ್ಪರ್ಧೆ ವಿಂಬಲ್ಡನ್‌ನಲ್ಲಿ ನಡೆಯುತ್ತಿತ್ತು. 1860ರ ಜುಲೈ 2ರಂದು ವಿಕ್ಟೋರಿಯಾ ರಾಣಿಯೇ ಸ್ಟ್ಯಾಂಡಿಗೆ ಬಿಗಿದಿಟ್ಟ ವಿಟ್‌ವರ್ತ್ ಬಂದೂಕಿನ ದಾರ ಎಳೆದು ಮೊದಲ ಗುಂಡು ಹಾರಿಸಿದಳು. ಆ ವರ್ಷ ಕ್ವೀನ್ಸ್ ಪ್ರೈಜ್ ಗೆದ್ದವನ ಹೆಸರು ಎಡ್ವರ್ಡ್ ರಾಸ್. ಹೆಸರು ಇವತ್ತಿಗೂ ಉಳಿದಿದೆ. ಅಲ್ಲಿ ಗೆದ್ದವನನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಮೆರೆಸುವ ಪದ್ಧತಿಯೂ ಬಂತು. ಫಿರಂಗಿಯವರಿಗೆ ಈ ಭಾಗ್ಯವಿಲ್ಲ. ರಾಷ್ಟ್ರೀಯ ಫಿರಂಗಿ ಸಂಘ 1865ರಲ್ಲಿ ಶೂಬರಿನೆಸ್‌ನಲ್ಲಿ ಸ್ಪರ್ಧೆ ಶುರು ಮಾಡಿದಾಗ ಪೈಪೋಟಿ ತಂಡ ತಂಡಗಳ ನಡುವೆ. ತಂಡದಲ್ಲಿ ಒಬ್ಬೊಬ್ಬನಿಗೂ ಒಂದು ನಂಬರು. ನಂಬರ್ 1 ಹುಕುಂ ಕೊಡುತ್ತಾನೆ. ಉಳಿದವರ ಬಾಯಿ ಬಂದ್. ಒಬ್ಬ ಒದ್ದೆ ಕುಂಚದ ಕೋಲಿನಿಂದ ನಳಿಗೆಯ ಒಳಗಿನ ಕಿಡಿ ಆರಿಸುತ್ತಾನೆ. ಒಬ್ಬ ಮದ್ದಿನ ಚೀಲ ತರುತ್ತಾನೆ. ಇನ್ನೊಬ್ಬ ಗುಂಡು ಇಡುತ್ತಾನೆ, ಮತ್ತೊಬ್ಬ ಗಜ ಎಂಬ ಉದ್ದ ಕೋಲು ಹಾಕಿ ದೂಡುತ್ತಾನೆ.

ಇದೆಲ್ಲ ನಡೆಯುವಾಗ ಹಿಂದೆ ನಿಂತ ಒಬ್ಬನ ಕೆಲಸ ಬರೀ ಹೆಬ್ಬೆರಳು ಒತ್ತುವುದು. ಫಿರಂಗಿಯ ಹಿಂಬದಿಯಲ್ಲಿ, ಮೇಲೆ, ಮದ್ದಿಗೆ ಬೆಂಕಿ ಮುಟ್ಟಿಸುವ ಸಣ್ಣ ತೂತು ಇರುತ್ತದಲ್ಲ, ಅದನ್ನು ಚರ್ಮದ ಟೊಪ್ಪಿಗೆ ಹಾಕಿದ ಹೆಬ್ಬೆರಳಿನಿಂದ ಮುಚ್ಚಿಡಬೇಕು. ಬೆರಳು ಸಡಿಲವಾದರೆ ಗಾಳಿ ನುಗ್ಗಿ, ಒಳಗೆ ಉಳಿದ ಕಿಡಿ ಕೆರಳಿ, ಹೊಸ ಮದ್ದು ಅಲ್ಲೇ ಹೊತ್ತಿಕೊಳ್ಳಬಹುದು. ಆಗ ಹೋಗುವುದು ಬೆರಳು ಸಡಿಲ ಬಿಟ್ಟವನ ಕೈಯಲ್ಲ. ಮುಂದೆ ಬಾಯಿಯ ಬಳಿ ಗಜ ಹಿಡಿದವನದು.

ಇದನ್ನು ಓದುತ್ತಿದ್ದಾಗ ನನಗೆ ಅನಿಸಿದ್ದಿಷ್ಟು. ನಿಮ್ಮ ಟಾಮ್‌ಗೆ ಆ ಹೆಬ್ಬೆರಳಿನ ಕೆಲಸ ಕೊಡಿ. ಗಜ ಹಿಡಿಯುವವನು ಅವನ ತಂಗಿಯನ್ನು ಮದುವೆಯಾಗಿರಲಿ. ಅಥವಾ ಹಡಗುಕಟ್ಟೆಯಲ್ಲಿ ಅವನಿಗೆ ಕೂಲಿ ಕೊಡುವ ಮೇಸ್ತ್ರಿಯಾಗಿರಲಿ, ಇಬ್ಬರಿಗೂ ಆಗಿಬರದಿರಲಿ. ಮಂಜು ಬೇಡ, ಹಡಗು ಬೇಡ. ಹಗಲು ಹೊತ್ತು, ಬಿಸಿಲು, ಸಮುದ್ರದಲ್ಲಿ ಒಂದು ಗುರಿ. ಓದುಗ ಉಸಿರು ಬಿಗಿಹಿಡಿದು ಓದುತ್ತಾನೆ.

ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟ ಇನ್ನೊಂದು ಸಂಗತಿ ಇದೆ. 'ಭಾರ ಎತ್ತುವ ಸ್ಪರ್ಧೆಯೂ ಇತ್ತು' ಅಂದಿದ್ದೀರಿ, ಅಷ್ಟೇ. ಸ್ವಾಮಿ, ಅದೇ ಅಲ್ವಾ ಮುಖ್ಯ! ಆ ಸ್ಪರ್ಧೆಗೆ ರೆಪೊಸಿಟರಿ ಅಂತ ಹೆಸರು. ಲಂಡನ್ ಪಕ್ಕದ ವುಲಿಚ್‌ನಲ್ಲಿ 1778ರಲ್ಲಿ ವಿಲಿಯಂ ಕಾಂಗ್ರೀವ್ ಶುರು ಮಾಡಿದ ರಾಯಲ್ ಮಿಲಿಟರಿ ರೆಪೊಸಿಟರಿ ಎಂಬ ತರಬೇತಿ ಜಾಗದಿಂದ ಬಂದದ್ದು. ಯುದ್ಧದಲ್ಲಿ ಫಿರಂಗಿಯ ಗಾಡಿ ಮುರಿಯುತ್ತದೆ. ನಳಿಗೆ ನೆಲಕ್ಕೆ ಬೀಳುತ್ತದೆ. 32 ಪೌಂಡಿನ ಗುಂಡು ಹಾರಿಸುವ ಹಳೆಯ ಕಬ್ಬಿಣದ ಫಿರಂಗಿ ಮೂರು ಟನ್‌ಗೆ ಹತ್ತಿರ ತೂಗುತ್ತದೆ. ಕ್ರೇನ್ ಇಲ್ಲ, ಕುದುರೆ ಇಲ್ಲ. ಸನ್ನೆಕೋಲು, ದಿಮ್ಮಿ, ಉರುಳೆ, ಹಗ್ಗ, ರಾಟೆ, ಮತ್ತೆ ಮನುಷ್ಯರು. ಅಷ್ಟರಲ್ಲೇ ಅದನ್ನು ಎತ್ತಿ ಗಾಡಿಗೆ ಏರಿಸಬೇಕು. ಪಕ್ಕದಲ್ಲಿ ಅಧಿಕಾರಿ ಗಡಿಯಾರ ಹಿಡಿದು ನಿಂತಿರುತ್ತಾನೆ.

ನಮ್ಮ ಕಡೆ ತೇರು ಎಳೆಯುವಾಗ ಹಗ್ಗ ಹಿಡಿಯುವವರು ಸಾವಿರ ಜನ. ಗಾಲಿಗೆ ಸನ್ನೆ ಕೊಡುವವರು ನಾಲ್ಕೇ ಜನ, ತೇರು ತಿರುಗುವುದು ಅವರಿಂದ. ನೀವು ಅದನ್ನು ನೋಡಿಯೇ ಇರುತ್ತೀರಿ. ಶೂಬರಿನೆಸ್‌ನಲ್ಲಿ ಇದ್ದದ್ದೂ ಅದೇ ಜಾಣತನ. ಹಡಗಿನ ಬಡಗಿಗೆ ಭಾರ ಎಲ್ಲಿ ಕೂರುತ್ತದೆ, ಮರ ಯಾವಾಗ ಕಿರುಗುಟ್ಟುತ್ತದೆ ಅಂತ ಕೈಗೇ ಗೊತ್ತಿರುತ್ತದೆ. ಅದೇ ತಂಡದಲ್ಲಿ ಬ್ಯಾಂಕ್ ಗುಮಾಸ್ತನೂ ಇರಬಹುದು. ಅವನಿಗೆ ಡ್ರಿಲ್ ಪುಸ್ತಕ ಬಾಯಿಪಾಠ, ಕೈಯಲ್ಲಿ ಬೊಬ್ಬೆ. ಇಲ್ಲಿ ಗುಮಾಸ್ತನಿಗಿಂತ ಬಡಗಿ ಮೇಲು. ವಾರದ ಉಳಿದ ದಿನ ಹಾಗಲ್ಲ. ಕಥೆಗೆ ಇದಕ್ಕಿಂತ ಇನ್ನೇನು ಬೇಕು?

ಈಗ ಸಣ್ಣಪುಟ್ಟ ತಪ್ಪುಗಳು. ಟಾಮ್ 1865ರಲ್ಲಿ ಶೂಬರಿನೆಸ್ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಅಲ್ಲಿಗೆ ರೈಲು ಬಂದದ್ದೇ 1884ರಲ್ಲಿ. ಆಗ ರೈಲು ನಿಲ್ಲುತ್ತಿದ್ದದ್ದು ನೀವಿರುವ ಸೌತೆಂಡ್‌ನಲ್ಲಿ, ಅಲ್ಲಿಂದ ಮುಂದೆ ಅವನಿಗೆ ರಸ್ತೆಯೇ ಗತಿ. ಆ ದಾರಿಯಲ್ಲಿ ಅವನನ್ನು ಒಮ್ಮೆ ನಡೆಸಿ, ಧೂಳು ಕುಡಿಸಿ. ಖಾಕಿ ಬಟ್ಟೆ ತೆಗೆಯಿರಿ, ಅವನದು ಗಾಢ ನೀಲಿ. ಕಾಲರಿಗೆ ಬಂಗಾರದ ಪಟ್ಟಿ ಹಚ್ಚಿದ್ದೀರಿ. ಬಂಗಾರ ಖಾಯಂ ಸೇನೆಯವರಿಗೆ, ಸ್ವಯಂಸೇವಕರಿಗೆ ಬೆಳ್ಳಿ ಬಣ್ಣ. ಲಾಂಛನದಲ್ಲಿ 'ಉಬೀಕ್ವೆ', ಅಂದರೆ 'ಎಲ್ಲೆಡೆಯೂ', ಎಂಬ ಮಾತು ಖಾಯಂ ಸೇನೆಯ ಫಿರಂಗಿ ಪಡೆಯಾದ ರಾಯಲ್ ಆರ್ಟಿಲರಿಯವರಿಗೆ ಮಾತ್ರ. ಪರದೇಶಕ್ಕೆ ಹೋಗದ ಇವರಿಗೆ ಆ ಜಾಗದಲ್ಲಿ ಎಲೆಗಳ ಒಂದು ಟೊಂಗೆ. ಈ ವ್ಯತ್ಯಾಸ ಟಾಮ್‌ಗೆ ಚುಚ್ಚಬೇಕು. ಅವನು ರಾತ್ರಿ ಗುಂಡಿ ತಿಕ್ಕುವಾಗ ಅದು ಕಣ್ಣಿಗೆ ಬೀಳಬೇಕು. ಪಂಜು ಸಿನಿಮಾದಿಂದ ಬಂದದ್ದು. ಆ ಹೊತ್ತಿಗೆ ತೂತಿಗೊಂದು ನಳಿಕೆ ಸಿಕ್ಕಿಸಿ ದಾರ ಜಗ್ಗುತ್ತಿದ್ದರು. ಅಧಿಕಾರಿಯ ನೇಮಕ ರಾಣಿಯ ಕೈಯಿಂದ ನೇರವಾಗಿ ಆದಂತೆ ತೋರಿಸಿದ್ದೀರಿ. 1871ರವರೆಗೆ ಅದು ಆಯಾ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ರಾಣಿಯ ಪ್ರತಿನಿಧಿಯಾಗಿದ್ದ ಲಾರ್ಡ್ ಲೆಫ್ಟಿನೆಂಟ್ ಕೈಯಲ್ಲಿತ್ತು. ಅಂದರೆ ಊರಿನ ದೊಡ್ಡ ಕುಳಗಳ ಪರಿಚಯ ಇರಬೇಕು. ಇದನ್ನೂ ಬಳಸಿಕೊಳ್ಳಬಹುದು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ವೀರಾವೇಶ', 'ರಣಕಹಳೆ', 'ಧಮನಿ ಧಮನಿಯಲ್ಲಿ' ಇವನ್ನೆಲ್ಲ ಹೊಡೆದುಹಾಕಿ. ಮೊದಲ ಮೂರು ಪುಟದಲ್ಲಿ ಓದಿದ್ದನ್ನೆಲ್ಲ ಸುರಿದಿದ್ದೀರಿ, ಅದನ್ನು ಅರ್ಧ ಪುಟಕ್ಕೆ ತನ್ನಿ. ಓರ್ಸಿನಿಯ ಬಾಂಬ್ ಬಗ್ಗೆ ಟಾಮ್‌ಗೆ ಪತ್ರಿಕೆಯಲ್ಲಿ ಬಂದಷ್ಟೇ ಗೊತ್ತು. ನಿಮಗೆ ಗೊತ್ತಿರುವುದೆಲ್ಲ ಅವನಿಗೆ ಗೊತ್ತಿರಬೇಕಿಲ್ಲ.

ಚೆನ್ನಾಗಿರುವುದನ್ನೂ ಹೇಳಬೇಕು. ಬೀದಿ ಹುಡುಗರು ಟಾಮ್‌ನ ಹಿಂದೆ ಓಡುತ್ತಾ 'ನಾಯಿಗೆ ಗುಂಡು ಹೊಡೆದವರ್ಯಾರು?' ಅಂತ ಕೂಗುವ ಭಾಗ ಬಹಳ ಇಷ್ಟವಾಯಿತು. ಸ್ವಯಂಸೇವಕರನ್ನು ಆ ಕಾಲದ ಹುಡುಗರು ಹಾಗೆಯೇ ಅಣಕಿಸುತ್ತಿದ್ದರು. ಟಾಮ್ ಸಿಟ್ಟಾಗದೆ ಟೋಪಿ ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ. ಅವನ ಹೆಂಡತಿ ಒಂದು ಮಾತೂ ಆಡದೆ, ಅವನ ಸಮವಸ್ತ್ರಕ್ಕೆ ಖರ್ಚಾದ ದುಡ್ಡನ್ನು ಬೆರಳಲ್ಲೇ ಎಣಿಸುವ ಸಾಲೂ ಸೊಗಸಾಗಿದೆ. ಆಕೆ ಎರಡನೇ ಪುಟದ ನಂತರ ಕಾಣುವುದೇ ಇಲ್ಲ. ಎಲ್ಲಿ ಹೋದಳು? ವಾಪಸ್ ಕರೆತನ್ನಿ. ಗಂಡ ಪ್ರತಿ ಸಂಜೆ ಡ್ರಿಲ್‌ಗೆ ಹೋದರೆ ಮನೆಯಲ್ಲಿ ಏನಾಗುತ್ತದೆ ಅಂತ ಹೇಳಬಲ್ಲವಳು ಅವಳೊಬ್ಬಳೇ.

ಟಿಪ್ಪುವಿನ ವಿಚಾರ. ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಹಾಕಿದ್ದೀರಿ, ಅರ್ಥವಾಗುತ್ತದೆ. ಆದರೆ ಟಾಮ್‌ನ ಕನಸಿನಲ್ಲಿ ಶ್ರೀರಂಗಪಟ್ಟಣ ಬರಲು ಕಾರಣವೇ ಇಲ್ಲ. ನಿಜವಾದ ಕೊಂಡಿ ನಿಮ್ಮ ಕಥೆಯಲ್ಲೇ ಇದೆ, ನೀವು ಗಮನಿಸಿಲ್ಲ. ರೆಪೊಸಿಟರಿ ಕಟ್ಟಿದ ಕಾಂಗ್ರೀವ್‌ನ ಮಗನ ಹೆಸರೂ ವಿಲಿಯಂ ಕಾಂಗ್ರೀವ್. ಮೈಸೂರಿನ ರಾಕೆಟ್ಟುಗಳನ್ನು ಕಂಡು ವುಲಿಚ್‌ನಲ್ಲಿ ತನ್ನ ರಾಕೆಟ್ ಮಾಡಿದವನು ಆ ಮಗನೇ. ಅಪ್ಪನ ಹಗ್ಗ ಸನ್ನೆಕೋಲು ಟಾಮ್‌ನ ಕೈಗೆ ಬಂತು, ಮಗನ ಹೆಸರು ರಾಕೆಟ್ ಚರಿತ್ರೆಗೆ ಸೇರಿತು. ಇದನ್ನು ಯಾರಾದರೂ ಮುದುಕ ಸಾರ್ಜೆಂಟ್ ಊಟದ ಹೊತ್ತಿಗೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಇಲ್ಲದಿದ್ದರೂ ನಷ್ಟವಿಲ್ಲ.

ನಮ್ಮೂರಿನ ಕೊಂಡಿಯೇ ಬೇಕಿದ್ದರೆ ಮುಂದಿನ ಕಥೆಗೆ ಒಂದು ದಾರಿ ತೋರಿಸುತ್ತೇನೆ. 1868ರಲ್ಲಿ ಬೆಂಗಳೂರು ದಂಡು ಪ್ರದೇಶದಲ್ಲೂ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಹುಟ್ಟಿತು. ಯುರೋಪಿಯನ್ನರಿಗೆ ಮತ್ತು ಆಂಗ್ಲೋ-ಇಂಡಿಯನ್ನರಿಗೆ ಇದ್ದ ದಳ ಅದು. ನಮ್ಮವರನ್ನೂ ಸ್ವಯಂಸೇವಕರಾಗಿ ಸೇರಿಸಿಕೊಳ್ಳಿ ಅಂತ 1886ರಲ್ಲಿ ಕಾಂಗ್ರೆಸ್ಸಿನ ಕಲ್ಕತ್ತಾ ಅಧಿವೇಶನ ನಿರ್ಣಯ ಮಾಡಿತು. ಟಾಮ್‌ಗೆ ಕೋವಿ ಕೊಟ್ಟವರು ಇಲ್ಲಿಯವರನ್ನು ನಂಬಲಿಲ್ಲ. ಆ ಕಥೆಗೆ ಫಿರಂಗಿಯೂ ಬೇಕಿಲ್ಲ.

ತಿದ್ದುವ ಮೊದಲು ಒಂದು ಕೆಲಸ ಮಾಡಿ. ಸೌತೆಂಡ್‌ನಲ್ಲಿ ರೈಲು ಹತ್ತಿದರೆ ಶೂಬರಿನೆಸ್ ಕೊನೆಯ ನಿಲ್ದಾಣ. ಹಳೆಯ ದಂಡಿನ ಕಟ್ಟಡಗಳಲ್ಲಿ ಈಗ ಜನ ಸಂಸಾರ ಮಾಡಿಕೊಂಡಿದ್ದಾರೆ. ಇಳಿತದ ಹೊತ್ತಿಗೆ ಹೋಗಿ. ನೀರು ಬಹಳ ದೂರ ಸರಿದು ಮರಳು ಬಯಲಾಗುತ್ತದೆ. ಆ ಜಾಗ ಆರಿಸಿದ್ದೇ ಅದಕ್ಕೆ, ಹಾರಿಸಿದ ಗುಂಡನ್ನು ಹುಡುಕಿ ತಂದು ನೋಡಬಹುದಿತ್ತು. ನಿಮ್ಮ ಕಥೆಯಲ್ಲಿ ಗುಂಡುಗಳೆಲ್ಲ 'ಅಲೆಗಳಲ್ಲಿ ಲೀನವಾಗುತ್ತವೆ'. ಹಾರಿಸಿದ ಮೇಲೆ ಕೆಸರಿನಲ್ಲಿ ನಡೆದು ಅವುಗಳನ್ನು ಹೆಕ್ಕಿ ತರುವವರು ಯಾರು ಅಂತ ಯೋಚಿಸಿ.

ದೀಪಾವಳಿ ವಿಶೇಷಾಂಕಕ್ಕೆ ಪುಟ ಕಾಯ್ದಿರಿಸಲು ಆಗುವುದಿಲ್ಲ. ಯುಗಾದಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಎರಡೂವರೆ ಸಾವಿರ ಪದ ಮೀರದಿರಲಿ. ದಯವಿಟ್ಟು ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಬಂದದ್ದರಿಂದ ಈ ಸಲ ಅರ್ಧ ಒತ್ತಕ್ಷರಗಳು ಮಾಯವಾಗಿದ್ದವು.

ಇಂತಿ,
ಸಂಪಾದಕ