ಬಾಟಲಿ ನೀರಿನಲ್ಲಿ ಕಡಲು ಸಿಗುವುದಿಲ್ಲ

ಕುಂಬಳೆಯ ಕಾಲೇಜು ವಿದ್ಯಾರ್ಥಿಯೊಬ್ಬರು ನಮ್ಮ ಪತ್ರಿಕೆಗೆ ಬರೆದಿದ್ದಾರೆ: ‘ನಮ್ಮ ಕಡಲಿನ ನೀರು ಪರೀಕ್ಷೆಯಲ್ಲಿ ಪಾಸಾಗಿದೆ. ಆದರೂ ಮೀನುಗಾರರು ಕಡಲು ಕೆಟ್ಟಿತು ಅನ್ನುತ್ತಾರೆ, ನೀವು ಅದನ್ನೇ ಅಚ್ಚು ಹಾಕುತ್ತೀರಿ. ಅಳತೆಯನ್ನು ನಂಬಬೇಕೋ, ಅಳಲನ್ನೋ?’

ಇಷ್ಟು ನೇರವಾಗಿ ಕೇಳುವವರು ಕಡಿಮೆ. ಖುಷಿಯಾಯಿತು. ಅಳತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ನಾನಕ್ಕೆ ಇಳಿಯುವ ಕಡಲ ನೀರಿನಲ್ಲಿ 100 ಮಿಲಿಲೀಟರಿಗೆ ಮಲದ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ 100 ದಾಟಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ.

ಆದರೆ ಆ ಬಾಟಲಿಯನ್ನು ತುಂಬಿದ್ದು ಯಾವಾಗ? ಭರತದಲ್ಲೋ, ಇಳಿತದಲ್ಲೋ? ಭರತದ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಿಂತರೆ ಹೊರಗಡಲಿನ ತಿಳಿನೀರು ಒಳಗೆ ನುಗ್ಗುತ್ತಿರುತ್ತದೆ. ಇಳಿತದಲ್ಲಿ ಪೇಟೆಯ ಚರಂಡಿ ನೀರೆಲ್ಲ ಹೊಳೆಯ ಜೊತೆ ಹೊರಗೆ ಬರುತ್ತದೆ. ಜಾಗ ಒಂದೇ, ಫಲಿತಾಂಶ ಎರಡು. ಇದನ್ನು ಕೇಳದೆ ‘ಪಾಸು’ ಅಂದುಬಿಡುವುದು ಸರಿಯಲ್ಲ ಅಲ್ವಾ?

ಪಚ್ಚಿಲೆಯನ್ನು ಕೇಳಿ. ಅದು ಹಗಲೂ ರಾತ್ರಿ ನೀರು ಸೋಸಿ ಬದುಕುವ ಹಸಿರು ಚಿಪ್ಪಿನ ಜೀವಿ. ನೀರಿನ ಸೀಸ, ಪಾದರಸ, ಕೀಟನಾಶಕ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತವೆ. ಬಾಟಲಿ ಆ ಗಳಿಗೆಯದ್ದನ್ನು ಹೇಳಿದರೆ ಪಚ್ಚಿಲೆ ತಿಂಗಳುಗಳ ಲೆಕ್ಕ ಕೊಡುತ್ತದೆ. ಲೋಕದ ಕರಾವಳಿಗಳನ್ನೆಲ್ಲ ಇಂಥ ಚಿಪ್ಪುಜೀವಿಗಳ ಮೂಲಕವೇ ಕಾಯೋಣ ಎಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಹೇಳಿದ್ದರು.

ನಮ್ಮ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು, ವಲಿಯಪರಂಬದ ಹೆಂಗಸರು ಹಿನ್ನೀರಿನಲ್ಲಿ ಪಚ್ಚಿಲೆ ಬೆಳೆಸುತ್ತಾರೆ. ಮರಿಗಳನ್ನು ಹತ್ತಿಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗ ಹಿಡಿದುಕೊಂಡಿರುತ್ತವೆ. ಮಳೆ ಹಿಡಿದು ನೀರು ಸಪ್ಪೆಯಾದರೆ ಸಾಯುತ್ತವೆ, ಹಾಗಾಗಿ ಅದಕ್ಕೆ ಮೊದಲೇ ಕೊಯ್ಲು. ಹಗ್ಗ ಎತ್ತಿದಾಗ ಅದರ ಭಾರದಲ್ಲೇ ಇವರಿಗೆ ಆ ವರ್ಷದ ನೀರು ಗೊತ್ತಾಗುತ್ತದೆ. ಇದು ಅಳಲಲ್ಲ, ಇದೂ ಅಳತೆಯೇ. ಶಿರಿಯಾ ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುವ ಅಜ್ಜಿಯೊಬ್ಬರು ಕಾಲ ಕೆಳಗಿನ ಹೊಯಿಗೆಯನ್ನು (ಮರಳನ್ನು) ಹಿಡಿಯಷ್ಟು ಎತ್ತಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ‘ಇದರಲ್ಲಿ ಕೆಸರು ಸೇರಿದೆ, ಇನ್ನು ಇಲ್ಲಿ ಮರಿ ಕೂರುವುದಿಲ್ಲ’ ಅಂದಿದ್ದು ನನಗಿನ್ನೂ ನೆನಪಿದೆ. ಯಾವ ವರದಿಯಲ್ಲಿ ಆ ಅಜ್ಜಿಗೆ ಒಂದು ಸಾಲು ಸಿಕ್ಕಿದೆ?

ಬೂತಾಯಿ ಮೀನಿನ ವಿಷಯವನ್ನೇ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ. ಕಡಲು ಬಿಸಿಯಾಗಿದ್ದು, ಮರಿಮೀನುಗಳನ್ನೂ ಬಾಚಿದ್ದು, ಹೀಗೆ ಕಾರಣಗಳು ಹಲವು. ಕೋಲಿಫಾರ್ಮ್ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಕಾಣುತ್ತದೆ. ನೀವು ಅಳಲು ಅಂದಿದ್ದು ಅವಳ ಮಾತನ್ನು. ಆ ಪದ ನನಗೆ ನೋವು ತಂದಿತು.

ಅದೂ ಕಾಸರಗೋಡಿನವರೇ ಹೀಗೆ ಬರೆದಿದ್ದು! ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಜೇನು ಸಾಯುತ್ತಿದೆ, ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಎಂದು ಮೊದಲು ಹೇಳಿದ್ದು ಪಡ್ರೆ ಕಡೆಯ ಹಳ್ಳಿಯವರು. ಸಮಿತಿಗಳು ಬಂದವು, ಕೆಲವು ಪುರಾವೆ ಸಾಲದು ಅಂದವು. ಸುಪ್ರೀಂ ಕೋರ್ಟಿನ ತಡೆ ಬಂದಿದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದರು ಎಂದು ನಿಮ್ಮ ಅಪ್ಪ ಅಮ್ಮನನ್ನು ಕೇಳಿ.

ಇನ್ನೊಂದು ಸಂಕಟ. ನಮ್ಮ ಕಡಲಿನ ವರದಿಗಳು ಇಂಗ್ಲಿಷಿನಲ್ಲಿ ಬರುತ್ತವೆ, ಹೆಚ್ಚೆಂದರೆ ಮಲಯಾಳದಲ್ಲಿ. ಮಂಜೇಶ್ವರ, ಉಪ್ಪಳದ ಕನ್ನಡ ಶಾಲೆಯಲ್ಲಿ ಓದಿದ ಮೀನುಗಾರನ ಮಗ ಅದನ್ನು ಓದುವುದು ಹೇಗೆ? ತನ್ನದೇ ಕಡಲಿನ ಬಗ್ಗೆ ಬರೆದಿದ್ದು ಅವನಿಗೇ ತಲುಪದಿದ್ದರೆ ಸರಿಯೋ ತಪ್ಪೋ ಅನ್ನುವವರು ಯಾರು?

ನಿಮಗೆ ವಿಜ್ಞಾನ ಗೊತ್ತಿದೆ, ಕನ್ನಡವೂ ಚೆನ್ನಾಗಿದೆ. ಅಮಾವಾಸ್ಯೆಯ ಇಳಿತಕ್ಕೆ ಮರುವಾಯಿ ಹೆಕ್ಕುವವರ ಜೊತೆ ಅಳಿವೆಗೆ ಇಳಿಯಿರಿ. ಎಲ್ಲಿ ಎಷ್ಟು ಸಿಕ್ಕಿತು, ಹೊಯಿಗೆ ಹೇಗಿತ್ತು, ಅವರು ಏನಂದರು, ನಿಮ್ಮ ಉಪಕರಣ ಏನಂದಿತು, ಎಲ್ಲ ಬರೆದುಕೊಳ್ಳಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬರೆದು ಕಳಿಸಿ, ಪಟ್ಟಿ ಸಮೇತ ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ