ಬೆಳ್ಳಿ ಬಳಿದದ್ದಲ್ಲ, ಮೀನಿನದೇ ಬಣ್ಣ

ವಿರಾಜಪೇಟೆಯ ಸಂತೆಯಲ್ಲಿ ಕೊಂಡ ಬೆಲ್ಟಿನಂಥ ಮೀನು ಕೈಗೆಲ್ಲ ಬೆಳ್ಳಿ ಮೆತ್ತಿತು, ಬಾಲವೂ ಇರಲಿಲ್ಲ, ಬಣ್ಣ ಬಳಿದು ಮಾರುತ್ತಾರೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅದು ಪಾಂಬೊಲ್. ಆ ಮೀನಿಗೆ ಹುರುಪೆಯೇ ಇಲ್ಲ. ಚರ್ಮದ ಮೇಲಿರುವ ಗ್ವಾನೈನ್ ಎಂಬ ವಸ್ತುವಿನ ಸಣ್ಣ ಹರಳುಗಳು ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ; ಉಜ್ಜಿದರೆ ಅವೇ ಕೈಗೆ ಅಂಟುತ್ತವೆ. ತಿಂದರೆ ತೊಂದರೆಯಿಲ್ಲ.

ಬಾಲವನ್ನೂ ಯಾರೂ ಕತ್ತರಿಸಿಲ್ಲ. ಬೆನ್ನಿನ ಈಜುರೆಕ್ಕೆ ತಲೆಯ ಹಿಂದಿನಿಂದ ಉದ್ದಕ್ಕೂ ಸಾಗುತ್ತದೆ, ಮೈ ಚಾಟಿಯ ತುದಿಯಂತೆ ಸಣ್ಣಗಾಗಿ ಮುಗಿಯುತ್ತದೆ, ಅಷ್ಟೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಇಟ್ಟ ಟ್ರೈಕಿಯುರಸ್ ಎಂಬ ವೈಜ್ಞಾನಿಕ ಹೆಸರಿನ ಅರ್ಥವೇ ಕೂದಲು ಬಾಲ. ಬೆಚ್ಚಗಿನ ಕಡಲುಗಳಲ್ಲಿ ನೂರಾರು ಮೀಟರ್ ಆಳದವರೆಗೂ ಇಳಿಯುವ ಈ ಕುಟುಂಬದ ಮೀನುಗಳು ತಲೆ ಮೇಲಾಗಿ, ನೆಟ್ಟಗೆ ನಿಂತು ಬೇಟೆಗೆ ಕಾಯುವುದುಂಟು. ಎಂಥ ಚೆಲುವು!

ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯಿರಿ, ಬೆಳ್ಳಿ ಹೋಗುತ್ತದೆ. ಹಲ್ಲು ಸೂಜಿಯಂತಿರುತ್ತದೆ, ತಲೆ ಕತ್ತರಿಸುವಾಗ ಬೆರಳು ಜೋಪಾನ. ಹೊಳಪು ಮಂಕಾಗಿ ಹಳದಿಗೆ ತಿರುಗಿದ್ದರೆ ಕೊಳ್ಳಬೇಡಿ. ನಮ್ಮ ಮನೆಯಲ್ಲಿ ಸಾರು ಇಳಿಸುವ ಮುನ್ನ ಸ್ವಲ್ಪ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಹಾಕುತ್ತೇವೆ. ಮೃದುವಾದ ಈ ಮೀನಿಗೆ ಆ ಹುಳಿ ಬಹಳ ಚೆನ್ನಾಗಿ ಹೊಂದುತ್ತದೆ.